ಸ್ತನ ಕ್ಯಾನ್ಸರ್‌ಗೆ ವೈರಸ್ ಕಾರಣವಾ? ಪರೇಲಿನಲ್ಲೂ ಕೇಳಿದ್ದ ಹಳೆಯ ಪ್ರಶ್ನೆ

ಸ್ತನ ಕ್ಯಾನ್ಸರ್ ವೈರಸ್‌ನಿಂದ ಬರುತ್ತದಾ? ಮುಂಬೈಯ ನಮ್ಮ ಕನ್ನಡದವರ ನಡುವೆ ಈ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಡೊಂಬಿವಲಿಯ ಲೋಕಲ್‌ನಲ್ಲಿ, ಮಾಟುಂಗಾದ ಕಾರ್ಯಕ್ರಮಗಳ ಬಿಡುವಿನಲ್ಲಿ, ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಊರಿನಿಂದ ಯಾರನ್ನೋ ಕರೆದುಕೊಂಡು ಬಂದವರ ಬಾಯಲ್ಲಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಲಿಗಳಲ್ಲಿ ಹೌದು, ಅದರಲ್ಲಿ ಅನುಮಾನವೇ ಇಲ್ಲ. ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲ. ಸುಳಿವುಗಳಿವೆ, ಕೆಲವು ಗಟ್ಟಿಯಾಗಿಯೇ ಇವೆ, ಆದರೆ ಅವುಗಳಿಗೆ ಎದುರು ನಿಲ್ಲುವ ಸಾಕ್ಷಿ ಇನ್ನೂ ಜಾಸ್ತಿ ಇದೆ.

ಹಾಗಂತ ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳು ಇದರ ಹಿಂದೆ ಬಿದ್ದಿದ್ದಾರೆ. ಅವರಲ್ಲಿ ಕೆಲವರು ಕೆಲಸ ಮಾಡಿದ್ದು ಇದೇ ಪರೇಲಿನಲ್ಲಿ. ನನಗೆ ಕಾಳಜಿ ಇರುವುದು ಇನ್ನೊಂದು ಕಡೆ. 'ವೈರಸ್' ಅಂದ ಕೂಡಲೇ ನಮ್ಮ ಮನೆಗಳಲ್ಲಿ ಏನಾಗುತ್ತದೆ ಅಂತ ಕೊರೊನಾ ಕಾಲದಲ್ಲಿ ಎಲ್ಲರೂ ನೋಡಿದ್ದೇವೆ. ಕ್ಯಾನ್ಸರ್ ಬಂದ ಹೆಂಗಸಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವ ಮನೆಗಳು ಈಗಲೂ ಇವೆ. ಅದರ ಮೇಲೆ ವೈರಸ್ ಅನ್ನುವ ಮಾತು ಅರ್ಧಂಬರ್ಧ ಸೇರಿಕೊಂಡರೆ ಅವಳ ಪಾಡೇನು? ಹಾಗಾಗಿ ವಿಷಯವನ್ನು ಪೂರ್ತಿ ನೋಡೋಣ.

ವೈರಸ್‌ನಿಂದ ಕ್ಯಾನ್ಸರ್ ಬರುವುದು ಹೊಸ ಮಾತೇನಲ್ಲ. 1911ರಲ್ಲೇ ಪೇಟನ್ ರೌಸ್ ಅನ್ನುವ ಅಮೆರಿಕದ ವಿಜ್ಞಾನಿ ಕೋಳಿಯ ಒಂದು ಬಗೆಯ ಗಡ್ಡೆ ವೈರಸ್‌ನಿಂದ ಬರುತ್ತದೆ ಎಂದು ತೋರಿಸಿದ್ದರು. ಆಗ ಹೆಚ್ಚಿನವರು ನಂಬಲಿಲ್ಲ. ಅವರಿಗೆ ನೊಬೆಲ್ ಸಿಕ್ಕಿದ್ದು 1966ರಲ್ಲಿ, ಐವತ್ತೈದು ವರ್ಷ ಆದ ಮೇಲೆ. ಇವತ್ತು ಮನುಷ್ಯರಲ್ಲಿ ಕ್ಯಾನ್ಸರ್‌ಗೆ ಕಾರಣ ಅಂತ ಖಚಿತವಾದ ವೈರಸ್‌ಗಳಲ್ಲಿ ನಮಗೆ ಗೊತ್ತಿರುವ ಹೆಸರುಗಳೇ ಇವೆ. ಹೆಪಟೈಟಿಸ್ ಬಿ ಮತ್ತು ಸಿ ಯಕೃತ್ತಿನ ಕ್ಯಾನ್ಸರ್ ತರುತ್ತವೆ. ಎಚ್‌ಪಿವಿ ಗರ್ಭಕಂಠದ ಕ್ಯಾನ್ಸರ್ ತರುತ್ತದೆ. ಎಪ್‌ಸ್ಟೈನ್-ಬಾರ್ ವೈರಸ್‌ನಿಂದ ಕೆಲವು ಬಗೆಯ ಲಿಂಫೋಮಾ, ಅಂದರೆ ರೋಗ ತಡೆಯುವ ರಕ್ಷಣಾ ಕೋಶಗಳ ಕ್ಯಾನ್ಸರ್, ಬರುತ್ತದೆ. ಆದರೆ ಯಾವ ವೈರಸ್ ಯಾವ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತಪಡಿಸಿರುವುದರಲ್ಲಿ ಸ್ತನ ಕ್ಯಾನ್ಸರ್ ಇಲ್ಲ.

ಎಚ್‌ಪಿವಿ ವಿಷಯದಲ್ಲಿ ಅಷ್ಟು ಗಟ್ಟಿ ನಂಬಿಕೆ ಹೇಗೆ ಬಂತು? ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ತಂಡ 1983ರಲ್ಲಿ ಗರ್ಭಕಂಠದ ಗಡ್ಡೆಯಲ್ಲಿ ಎಚ್‌ಪಿವಿ 16 ಅನ್ನುವ ತಳಿಯನ್ನು ಕಂಡುಹಿಡಿಯಿತು. ಆಮೇಲೆ ಎಲ್ಲಿ ಹುಡುಕಿದರೂ ಹೆಚ್ಚುಕಡಿಮೆ ಎಲ್ಲಾ ಗಡ್ಡೆಗಳಲ್ಲೂ ಎಚ್‌ಪಿವಿಯ ಯಾವುದಾದರೊಂದು ತಳಿ ಸಿಕ್ಕಿತು. ಸೋಂಕು ಮೊದಲು, ಕ್ಯಾನ್ಸರ್ ವರ್ಷಗಟ್ಟಲೆ ಆಮೇಲೆ ಎನ್ನುವುದೂ ಸ್ಪಷ್ಟವಾಯಿತು. ಅದರ ಯಾವ ಪ್ರೋಟೀನ್ ನಮ್ಮ ಜೀವಕೋಶದ ಯಾವ ಕಾವಲನ್ನು ಕೆಡಿಸುತ್ತದೆ ಎಂದೂ ತಿಳಿಯಿತು. ಕೊನೆಯ ಪುರಾವೆ ಲಸಿಕೆಯಿಂದ ಬಂತು. ಇಂಗ್ಲೆಂಡಿನಲ್ಲಿ 12-13ನೇ ವಯಸ್ಸಿನಲ್ಲಿ ಲಸಿಕೆ ಹಾಕಿಸಿಕೊಂಡ ಹುಡುಗಿಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ. 87ರಷ್ಟು ಕಡಿಮೆಯಾಗಿದೆ ಎಂದು 2021ರಲ್ಲಿ ಪ್ರಕಟವಾಯಿತು. ನಮ್ಮ ಪಕ್ಕದ ಪುಣೆಯಲ್ಲೇ ಸೀರಂ ಇನ್‌ಸ್ಟಿಟ್ಯೂಟ್ ಸರ್ವಾವ್ಯಾಕ್ ಅನ್ನುವ ಎಚ್‌ಪಿವಿ ಲಸಿಕೆ ತಯಾರಿಸುತ್ತಿದೆ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಈ ಬಗ್ಗೆ ವೈದ್ಯರ ಹತ್ತಿರ ಖಂಡಿತ ಕೇಳಿ.

ಈ ಮಟ್ಟದ ಪುರಾವೆ ಸ್ತನ ಕ್ಯಾನ್ಸರ್‌ಗೆ ಇದೆಯಾ ಅನ್ನುವುದೇ ಪ್ರಶ್ನೆ.

ಕಥೆ ಶುರುವಾಗುವುದು ಇಲಿಗಳಿಂದ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಬಿಟ್ನರ್ ಒಂದು ವಿಚಿತ್ರವನ್ನು ಗಮನಿಸಿದರು. ಕೆಲವು ತಳಿಯ ಹೆಣ್ಣಿಲಿಗಳಿಗೆ ಸ್ತನದ ಗಡ್ಡೆ ಜಾಸ್ತಿ, ಇನ್ನು ಕೆಲವಕ್ಕೆ ತೀರಾ ಕಡಿಮೆ. ವಂಶದ್ದು ಅಂತ ಎಲ್ಲರೂ ಅಂದುಕೊಳ್ಳುವುದು ಸಹಜ. ಬಿಟ್ನರ್ ಮರಿಗಳನ್ನು ಅದಲು ಬದಲು ಮಾಡಿದರು. ಗಡ್ಡೆ ಜಾಸ್ತಿ ಇರುವ ತಳಿಯ ಮರಿಗಳನ್ನು ಹುಟ್ಟಿದ ಕೂಡಲೇ ಗಡ್ಡೆ ಕಡಿಮೆ ಇರುವ ತಳಿಯ ತಾಯಿಯ ಹತ್ತಿರ ಹಾಲು ಕುಡಿಯಲು ಬಿಟ್ಟರು. ಆ ಮರಿಗಳು ದೊಡ್ಡವಾದ ಮೇಲೆ ಗಡ್ಡೆ ಬಹಳ ಕಡಿಮೆಯಾಯಿತು. ಅಂದರೆ ರೋಗದ ಬೀಜ ರಕ್ತದಲ್ಲಿ ಮಾತ್ರ ಇರಲಿಲ್ಲ, ಹಾಲಿನಲ್ಲೂ ಇತ್ತು. ಇದನ್ನು ಅವರು 1936ರಲ್ಲಿ ಪ್ರಕಟಿಸಿದರು. ವೈರಸ್ ಎನ್ನುವ ಪದ ಬಳಸದೆ 'ಹಾಲಿನ ಅಂಶ' ಎಂದೇ ಬಹಳ ಕಾಲ ಹೇಳುತ್ತಿದ್ದರು. ಆಮೇಲೆ ಅದು ವೈರಸ್ಸೇ ಎಂದು ಖಚಿತವಾಯಿತು. ಇಲಿಯ ಸ್ತನ ಗಡ್ಡೆಯ ವೈರಸ್, ಚಿಕ್ಕದಾಗಿ ಎಂಎಂಟಿವಿ.

ಇದರ ಕೆಲಸದ ರೀತಿ ನೋಡಿದರೆ ಬೆರಗಾಗುತ್ತದೆ. ಮರಿ ಹಾಲು ಕುಡಿದಾಗ ವೈರಸ್ ಅದರ ಕರುಳಿಗೆ ಹೋಗುತ್ತದೆ. ಅಲ್ಲಿಂದ ರೋಗ ತಡೆಯಬೇಕಾದ ರಕ್ಷಣಾ ಕೋಶಗಳನ್ನೇ ಹತ್ತಿಕೊಂಡು ಸ್ತನಕ್ಕೆ ಸಾಗುತ್ತದೆ. ಆ ಇಲಿ ಗರ್ಭ ಧರಿಸಿ ಹಾಲು ಬರುವ ಸಮಯದಲ್ಲಿ ಹಾರ್ಮೋನ್ ಏರಿದ ಹಾಗೆ ವೈರಸ್ ಕೂಡ ಏರುತ್ತದೆ, ಏಕೆಂದರೆ ಅದರ ಡಿಎನ್‌ಎಯಲ್ಲೇ ಹಾರ್ಮೋನಿಗೆ ಓಗೊಡುವ ಒಂದು ಭಾಗ ಇದೆ. ಅದು ಇಲಿಯ ಡಿಎನ್‌ಎ ಒಳಗೆ ಎಲ್ಲೆಂದರಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಯಾವುದೋ ಒಂದು ಕೋಶದಲ್ಲಿ, ಬೆಳವಣಿಗೆಯನ್ನು ನಿಯಂತ್ರಿಸುವ ಜೀನ್ ಪಕ್ಕದಲ್ಲಿ ಕೂತುಬಿಟ್ಟರೆ ಆ ಜೀನ್ ಹದ ತಪ್ಪುತ್ತದೆ. 1982ರಲ್ಲಿ ರೋಯೆಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ ಇದೇ ಜಾಡು ಹಿಡಿದು ಒಂದು ಜೀನ್ ಕಂಡುಹಿಡಿದರು. ಇವತ್ತು ಅದಕ್ಕೆ ವಿಂಟ್-1 ಎಂದು ಹೆಸರು. ಭ್ರೂಣದ ಬೆಳವಣಿಗೆಯಿಂದ ಹಿಡಿದು ಕರುಳಿನ ಕ್ಯಾನ್ಸರ್‌ವರೆಗೆ ಆ ಜೀನ್ ಕುಟುಂಬದ ಪಾತ್ರ ಎಷ್ಟು ದೊಡ್ಡದು ಎಂದು ಆಮೇಲೆ ಗೊತ್ತಾಯಿತು. ಇಲಿಯ ವೈರಸ್ ಮನುಷ್ಯರ ಕ್ಯಾನ್ಸರ್‌ಗೆ ಕಾರಣವಾಗದೇ ಇದ್ದರೂ ಅದರಿಂದ ನಾವು ಕಲಿತದ್ದು ಸಣ್ಣದಲ್ಲ.

ಇಲಿಯಲ್ಲಿ ಹಾಲಿನಿಂದ ಬರುವುದಾದರೆ ಮನುಷ್ಯರಲ್ಲಿ? ಇಲ್ಲಿಂದ ಮುಂಬೈ ಕಥೆಯೊಳಗೆ ಬರುತ್ತದೆ.

ಪಾರ್ಸಿ ಸಮುದಾಯ ಚಿಕ್ಕದು, ಹೆಚ್ಚಾಗಿ ತಮ್ಮೊಳಗೇ ಮದುವೆಯಾಗುವವರು. ಅವರ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಈ ನಗರದ ಬೇರೆ ಸಮುದಾಯಗಳಿಗಿಂತ ಜಾಸ್ತಿ ಎಂದು ಇಲ್ಲಿನ ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. 1963ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಶುರು ಮಾಡಿದ ಬಾಂಬೆ ಕ್ಯಾನ್ಸರ್ ರಿಜಿಸ್ಟ್ರಿ, ಅಂದರೆ ನಗರದ ಎಲ್ಲಾ ಕ್ಯಾನ್ಸರ್ ಪ್ರಕರಣಗಳ ದಾಖಲೆ, ದೇಶದಲ್ಲೇ ಮೊದಲನೆಯದು. ಅದರ ಅಂಕಿಗಳೂ ಇದನ್ನೇ ಹೇಳಿದವು. ಹಾಗಾಗಿ ಹಾಲಿನ ವೈರಸ್ ಹುಡುಕುವವರಿಗೆ ಪಾರ್ಸಿ ತಾಯಂದಿರ ಹಾಲನ್ನು ಪರೀಕ್ಷಿಸಬೇಕು ಅನಿಸಿತು. ಅಮೆರಿಕದ ಡ್ಯಾನ್ ಮೂರ್ ತಂಡದ ಜೊತೆ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಪೇಮಾಸ್ಟರ್, ನಮ್ಮ ದೇಶದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕ್ಯಾನ್ಸರ್ ಸಂಶೋಧನೆಗೆ ಮೊದಮೊದಲು ಬಳಸಿದವರಲ್ಲಿ ಒಬ್ಬರಾದ ಡಾ. ಸತ್ಯವತಿ ಸಿರ್ಸಾಟ್ ಮುಂತಾದವರು ಸೇರಿದರು. 1971ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಬಂತು. ಮನೆಯಲ್ಲಿ ಯಾರಿಗೂ ಸ್ತನ ಕ್ಯಾನ್ಸರ್ ಇಲ್ಲದ ಅಮೆರಿಕದ ಹೆಂಗಸರಿಗೆ ಹೋಲಿಸಿದರೆ ಪಾರ್ಸಿ ಹೆಂಗಸರ ಹಾಲಿನಲ್ಲಿ, ಹಾಗೆಯೇ ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇದ್ದ ಅಮೆರಿಕದ ಹೆಂಗಸರ ಹಾಲಿನಲ್ಲಿ, ಇಲಿಯ ವೈರಸ್‌ನ ಹಾಗೆ ಕಾಣುವ ಕಣಗಳು ಬಹಳ ಜಾಸ್ತಿ ಕಂಡಿದ್ದವು.

ಆಗಿನ ಕಾಲ ನೆನೆಸಿಕೊಳ್ಳಿ. ಅದರ ಹಿಂದಿನ ವರ್ಷ, 1970ರಲ್ಲಿ, ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ ಕಂಡುಹಿಡಿದಿದ್ದರು. ಇಂಥ ವೈರಸ್‌ಗಳು ತಮ್ಮ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆದುಕೊಳ್ಳುವುದು ಅದರಿಂದಲೇ. ಅಂಥದೇ ಕಿಣ್ವ ಮನುಷ್ಯರ ಹಾಲಿನಲ್ಲೂ ಕಂಡಿತು ಅನ್ನುವ ವರದಿಗಳೂ ಬಂದವು. ಇನ್ನೇನು ಸಿಕ್ಕೇಬಿಟ್ಟಿತು ಅಂತ ಎಷ್ಟೋ ಜನರಿಗೆ ಅನಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಆದರೆ ಸಿಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ವೈರಸ್‌ನ ಆಕಾರ ಕಂಡಿತು ಅನ್ನುವುದು ಸಾಕಾಗಲಿಲ್ಲ, ಹಾಲಿನಲ್ಲಿ ಅದೇ ಅಳತೆಯ ಬೇರೆ ಕಣಗಳೂ ಇರುತ್ತವೆ. ಹಾಲಿನಲ್ಲಿ ಕಣ ಇದ್ದ ಹೆಂಗಸರಿಗೆ ಆಮೇಲೆ ಕ್ಯಾನ್ಸರ್ ಬಂತು ಅನ್ನುವುದನ್ನೂ ಯಾರೂ ತೋರಿಸಲಾಗಲಿಲ್ಲ. ಇನ್ನೊಂದು ದೊಡ್ಡ ತೊಡಕು ನಿಧಾನವಾಗಿ ಗೊತ್ತಾಯಿತು. ನಮ್ಮ ಡಿಎನ್‌ಎಯ ಸುಮಾರು ಶೇ. 8 ಭಾಗ ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರ ಮೈ ಸೇರಿದ ಇಂಥದೇ ವೈರಸ್‌ಗಳ ಪಳೆಯುಳಿಕೆ. ಅವುಗಳಲ್ಲಿ ಒಂದು ಗುಂಪು ಇಲಿಯ ಈ ವೈರಸ್‌ಗೆ ಹತ್ತಿರದ ಸಂಬಂಧಿ. ಅಂದರೆ ಯಾರಲ್ಲೇ ಹುಡುಕಿ, ಎಂಎಂಟಿವಿಯನ್ನು ಹೋಲುವ ಏನಾದರೂ ಒಂದು ಸಿಕ್ಕೇ ಸಿಗುತ್ತದೆ. ಅದು ಹೊರಗಿನಿಂದ ಬಂದದ್ದಾ, ಹುಟ್ಟಿನಿಂದಲೇ ಇದ್ದದ್ದಾ ಎಂದು ಬೇರ್ಪಡಿಸುವ ಸಾಧನ ಆಗ ಇರಲಿಲ್ಲ.

ಹಾಗಾದರೆ ಪಾರ್ಸಿಗಳಲ್ಲಿ ಯಾಕೆ ಜಾಸ್ತಿ? ತಡವಾಗಿ ಮದುವೆ, ಕಡಿಮೆ ಮಕ್ಕಳು, ಮದುವೆಯಾಗದೆ ಉಳಿಯುವವರು ಹೆಚ್ಚು, ಜೊತೆಗೆ ಒಳಗೊಳಗೇ ಮದುವೆಯಿಂದ ವಂಶದ ಕಾರಣಗಳು. ಇವುಗಳಿಂದಲೇ ಬಹಳಷ್ಟು ವಿವರಿಸಬಹುದು.

ಈ ಕಥೆಯಿಂದ ಒಂದು ಅಪಾಯಕಾರಿ ಯೋಚನೆಯೂ ಹುಟ್ಟಿತ್ತು. ತಾಯಿಗೆ ಸ್ತನ ಕ್ಯಾನ್ಸರ್ ಇದ್ದರೆ ಅವಳು ಹೆಣ್ಣುಮಗುವಿಗೆ ಹಾಲು ಕೊಡಬಾರದಾ? ಈ ಪ್ರಶ್ನೆಯನ್ನು ಸಂಶೋಧಕರು ನೇರವಾಗಿಯೇ ಪರೀಕ್ಷಿಸಿದರು. ಎದೆಹಾಲು ಕುಡಿದು ಬೆಳೆದ ಹೆಂಗಸರಿಗೂ ಕುಡಿಯದೆ ಬೆಳೆದವರಿಗೂ ಸ್ತನ ಕ್ಯಾನ್ಸರ್ ಬರುವುದರಲ್ಲಿ ವ್ಯತ್ಯಾಸ ಇದೆಯಾ ಎಂದು ಹಲವು ಅಧ್ಯಯನಗಳು ನೋಡಿವೆ. ಹಾಲು ಕುಡಿದವರಿಗೆ ಅಪಾಯ ಜಾಸ್ತಿ ಅಂತ ಕಂಡುಬಂದಿಲ್ಲ. ಇಲಿಯ ಹಾಗೆ ಮನುಷ್ಯರಲ್ಲೂ ಹಾಲೇ ದಾರಿಯಾಗಿದ್ದರೆ ಇಲ್ಲಿ ದೊಡ್ಡ ವ್ಯತ್ಯಾಸ ಕಾಣಲೇಬೇಕಿತ್ತು, ಅಲ್ವಾ? ಹಾಲು ಕೊಡುವ ತಾಯಿಗಂತೂ ಲಾಭವೇ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟಿಗೆ ನೋಡಿ 2002ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಹಾಲು ಕೊಟ್ಟ ಪ್ರತಿ ಹನ್ನೆರಡು ತಿಂಗಳಿಗೆ ತಾಯಿಯ ಸ್ತನ ಕ್ಯಾನ್ಸರ್ ಅಪಾಯ ಶೇ. 4.3ರಷ್ಟು ಕಡಿಮೆಯಾಗುತ್ತದೆ. ಕಿಮೋಥೆರಪಿ ನಡೆಯುತ್ತಿರುವಾಗ ಹಾಲು ಕೊಡಬೇಡಿ ಎಂದು ವೈದ್ಯರು ಹೇಳುತ್ತಾರೆ, ಅದು ಔಷಧ ಹಾಲಿಗೆ ಸೇರುತ್ತದೆ ಎಂಬ ಕಾರಣಕ್ಕೆ. ಕ್ಯಾನ್ಸರ್ ಹರಡುತ್ತದೆ ಎಂದಲ್ಲ. ಬಾಣಂತಿ ಮನೆಯಲ್ಲಿ ಯಾರಾದರೂ ಬೇರೆ ಥರ ಹೇಳಿದರೆ ದಯವಿಟ್ಟು ಅಲ್ಲೇ ತಿದ್ದಿ.

ವೈರಸ್ ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಪಿಸಿಆರ್ ಬಂತು, ಕೊರೊನಾ ಪರೀಕ್ಷೆಯಿಂದ ನಮಗೆಲ್ಲ ಪರಿಚಯವಾದದ್ದೇ. ಒಂದೆರಡು ತುಣುಕು ಡಿಎನ್‌ಎ ಇದ್ದರೂ ಅದನ್ನು ಕೋಟಿಗಟ್ಟಲೆ ಮಾಡಿ ತೋರಿಸುತ್ತದೆ. 1995ರಲ್ಲಿ ನ್ಯೂಯಾರ್ಕಿನ ಬಿಯಾಟ್ರಿಸ್ ಪೋಗೋ ತಂಡ, ಮನುಷ್ಯರ ಸ್ವಂತ ಪಳೆಯುಳಿಕೆ ವೈರಸ್‌ಗೆ ಹೊಂದದ, ಇಲಿಯ ವೈರಸ್‌ಗೆ ಮಾತ್ರ ಹೊಂದುವ ಒಂದು ತುಣುಕನ್ನು ಆರಿಸಿಕೊಂಡು ಹುಡುಕಿತು. ಸ್ತನದ ಗಡ್ಡೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ಸಿಕ್ಕಿತು, ಆರೋಗ್ಯವಂತ ಸ್ತನದಲ್ಲಿ ತೀರಾ ವಿರಳ. ಸಿಡ್ನಿಯಲ್ಲಿ ಜೇಮ್ಸ್ ಲಾಸನ್ ಮತ್ತು ವೆಂಡಿ ಗ್ಲೆನ್ ಇನ್ನೊಂದು ಜಾಣ ದಾರಿ ಹಿಡಿದರು. ಹಿಂದೆ ಸಾಮಾನ್ಯ ಗಂಟು ಎಂದು ಬಯಾಪ್ಸಿ ಆಗಿ, ವರ್ಷಗಳ ಮೇಲೆ ಕ್ಯಾನ್ಸರ್ ಬಂದ ಹೆಂಗಸರ ಹಳೆಯ ಸ್ಯಾಂಪಲ್‌ಗಳನ್ನೇ ತೆಗೆದು ನೋಡಿದರು. ಕೆಲವರಲ್ಲಿ ಕ್ಯಾನ್ಸರ್‌ಗೆ ಮೊದಲೇ ವೈರಸ್‌ನ ಗುರುತು ಇತ್ತು. ಯಾವುದು ಮೊದಲು ಎನ್ನುವ ಪ್ರಶ್ನೆಗೆ ಹೀಗೆಯೇ ಉತ್ತರ ಹುಡುಕಬೇಕು, ಈ ಕೆಲಸದ ಬಗ್ಗೆ ನನಗೆ ಗೌರವ ಇದೆ.

ಆದರೆ ಬೇರೆ ಪ್ರಯೋಗಾಲಯಗಳಲ್ಲಿ ಹುಡುಕಿದಾಗ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದೇ ಇಲ್ಲ. ಅಷ್ಟು ಸೂಕ್ಷ್ಮವಾದ ಪರೀಕ್ಷೆಗೆ ಇಲಿಯ ಡಿಎನ್‌ಎ ಎಲ್ಲಿಂದಲಾದರೂ ಸೇರಬಹುದು. ಪ್ರಯೋಗಾಲಯದ ಗಾಳಿಯಿಂದ, ರಾಸಾಯನಿಕದ ಬಾಟಲಿಯಿಂದ, ಪಕ್ಕದ ಟೇಬಲಿನ ಇಲಿ ಕೋಶಗಳಿಂದ. ಇದು ಸುಮ್ಮನೆ ಹೆದರಿಕೆಯಲ್ಲ. ಎಕ್ಸ್‌ಎಂಆರ್‌ವಿ ಅನ್ನುವ ವೈರಸ್ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಸಿಕ್ಕಿದೆ ಎಂದು 2006ರಲ್ಲಿ, ದೀರ್ಘಕಾಲದ ಆಯಾಸದ ಕಾಯಿಲೆಯಲ್ಲೂ ಸಿಕ್ಕಿದೆ ಎಂದು 2009ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಕೊನೆಗೆ ಅದು ಪ್ರಯೋಗಾಲಯದಲ್ಲೇ ಇಲಿಯ ವೈರಸ್ ತುಣುಕುಗಳು ಬೆರೆತು ಹುಟ್ಟಿದ್ದು ಎಂದು ಗೊತ್ತಾಗಿ, 2009ರ ಪ್ರಬಂಧವನ್ನು ಸೈನ್ಸ್ ಪತ್ರಿಕೆ 2011ರಲ್ಲಿ ಹಿಂತೆಗೆದುಕೊಂಡಿತು. ಅಷ್ಟರೊಳಗೆ ಎಷ್ಟೋ ರೋಗಿಗಳು ಆಸೆ ಇಟ್ಟುಕೊಂಡಾಗಿತ್ತು.

ಹಸುವಿನ ವೈರಸ್ ವಿಷಯವೂ ಹೇಳಬೇಕು, ಏಕೆಂದರೆ 'ಹಾಲು ಕುಡಿದರೆ ಕ್ಯಾನ್ಸರ್' ಎನ್ನುವ ಮಾತು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ದನಗಳಿಗೆ ರಕ್ತದ ಕ್ಯಾನ್ಸರ್ ತರುವ ಬಿಎಲ್‌ವಿ ಅನ್ನುವ ವೈರಸ್ ಇದೆ. ಅಮೆರಿಕದ ಹಸುಗಳಲ್ಲಿ ಬಹಳ ಹರಡಿದೆ. ಬರ್ಕ್ಲಿಯ ಗರ್ಟ್ರೂಡ್ ಬ್ಯೂರಿಂಗ್ ತಂಡ 2015ರಲ್ಲಿ 239 ಹೆಂಗಸರ ಸ್ತನದ ಸ್ಯಾಂಪಲ್ ನೋಡಿ, ಕ್ಯಾನ್ಸರ್ ಇದ್ದವರಲ್ಲಿ ಶೇ. 59, ಇಲ್ಲದವರಲ್ಲಿ ಶೇ. 29 ಮಂದಿಯಲ್ಲಿ ಈ ವೈರಸ್‌ನ ಡಿಎನ್‌ಎ ಇದೆ ಎಂದು ಹೇಳಿತು. ಅಂತರ ದೊಡ್ಡದೇ. ಆದರೆ ಮರುವರ್ಷ ಬೆಲ್ಜಿಯಂನ ಸಂಶೋಧಕರು 51 ಸ್ತನ ಗಡ್ಡೆಗಳ ಪೂರ್ತಿ ಡಿಎನ್‌ಎ ಓದಿದ ಮಾಹಿತಿಯಲ್ಲಿ ಹುಡುಕಿದರು, ಒಂದರಲ್ಲೂ ಸಿಗಲಿಲ್ಲ. ಪ್ರಶ್ನೆ ಇನ್ನೂ ತೆರೆದಿದೆ. ನಮ್ಮ ಮಟ್ಟಿಗೆ ಹೇಳುವುದಾದರೆ ಹಾಲನ್ನು ಬಿಸಿ ಮಾಡಿ ರೋಗಾಣು ಕೊಲ್ಲುವ ಪಾಶ್ಚರೀಕರಣದಲ್ಲಿ ಈ ವೈರಸ್ ಉಳಿಯುವುದಿಲ್ಲ, ಅದರ ಮೇಲೆ ನಾವು ಪ್ಯಾಕೆಟ್ ಹಾಲನ್ನೂ ಉಕ್ಕಿಸಿಯೇ ಕುಡಿಯುವವರು. ಹಸಿ ಹಾಲು ಒಳ್ಳೆಯದು ಎಂದು ಈಗ ಕೆಲವರು ಹೇಳುತ್ತಿದ್ದಾರೆ. ಅದು ಬೇಡ, ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಅನ್ನುವ ಜ್ವರ, ಟಿಬಿ ಬರಬಹುದು ಎನ್ನುವುದಂತೂ ಖಚಿತ.

ಎಚ್‌ಪಿವಿ, ಎಪ್‌ಸ್ಟೈನ್-ಬಾರ್ ಎರಡನ್ನೂ ಸ್ತನದ ಗಡ್ಡೆಯಲ್ಲಿ ಕಂಡವರಿದ್ದಾರೆ. ಆದರೆ ಪ್ರಮಾಣ ತೀರಾ ಕಡಿಮೆ. ಎಪ್‌ಸ್ಟೈನ್-ಬಾರ್ ಅಂತೂ ದೊಡ್ಡವರಲ್ಲಿ ಹೆಚ್ಚುಕಡಿಮೆ ಎಲ್ಲರ ಮೈಯಲ್ಲೂ ಇರುವ ವೈರಸ್, ಗಡ್ಡೆಯೊಳಗೆ ಹೋದ ರಕ್ತ ಕೋಶಗಳ ಜೊತೆಯೂ ಅದು ಬಂದಿರಬಹುದು. ಬೆಂಕಿ ಬಿದ್ದ ಮನೆ ಮುಂದೆ ನಿಂತವರೆಲ್ಲ ಬೆಂಕಿ ಹಚ್ಚಿದವರಲ್ಲ.

ನನ್ನನ್ನು ಹೆಚ್ಚು ಒಪ್ಪಿಸುವ ಸಾಕ್ಷಿ ಇದು. ಕಳೆದ ಹದಿನೈದು ವರ್ಷಗಳಲ್ಲಿ ಸಾವಿರಾರು ಗಡ್ಡೆಗಳ ಆರ್‌ಎನ್‌ಎ, ಡಿಎನ್‌ಎ ಓದಿ ಅದರಲ್ಲಿ ಯಾವ ವೈರಸ್ ಇದೆ ಎಂದು ಕಂಪ್ಯೂಟರ್‌ನಲ್ಲಿ ಜಾಲಾಡಿದ್ದಾರೆ. 2013ರಲ್ಲೊಮ್ಮೆ, 2020ರಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ. ಗರ್ಭಕಂಠದಲ್ಲಿ ಎಚ್‌ಪಿವಿ ಎದ್ದು ಕಂಡಿತು, ಯಕೃತ್ತಿನಲ್ಲಿ ಹೆಪಟೈಟಿಸ್ ಬಿ ಕಂಡಿತು. ಸ್ತನದಲ್ಲಿ ಅಂಥ ಯಾವುದೂ ಎದ್ದು ಕಾಣಲಿಲ್ಲ. ವೈರಸ್ ಬಂದು ಕೆಡಿಸಿ, ಗುರುತು ಬಿಡದೆ ಹೋಗಿರಬಹುದಲ್ಲ ಎಂದು ಕೆಲವರು ವಾದಿಸುತ್ತಾರೆ. ಹಾಗೆ ಆಗಲು ಸಾಧ್ಯವೇ ಇಲ್ಲ ಎಂದು ಹೇಳಲಾಗದು. ಆದರೆ ಗುರುತೇ ಇಲ್ಲದ್ದನ್ನು ಸಾಬೀತು ಮಾಡುವುದು ಬಹಳ ಕಷ್ಟ, ಅಲ್ಲಿಯವರೆಗೆ ಅದು ಊಹೆಯೇ.

ವೈರಸ್ ಕಂಡುಹಿಡಿಯುವುದು ಯಾವಾಗಲೂ ಇಷ್ಟು ಕಷ್ಟವಾ ಅಂದರೆ, ಇಲ್ಲ. ನಮ್ಮ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯಲು ಶುರುವಾದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಂಗನ ಕಾಯಿಲೆಯ ವೈರಸ್ಸನ್ನು ಬೇಗನೆ ಹಿಡಿದರು. ಉಣ್ಣಿ ಕಚ್ಚಿದ ಕೆಲವೇ ದಿನಗಳಲ್ಲಿ ಜ್ವರ, ರಕ್ತದಲ್ಲಿ ತುಂಬಾ ವೈರಸ್. ಸ್ತನ ಕ್ಯಾನ್ಸರ್ ಹಾಗಲ್ಲ. ಕಾರಣಕ್ಕೂ ರೋಗಕ್ಕೂ ನಡುವೆ ಇಪ್ಪತ್ತು, ಮೂವತ್ತು ವರ್ಷ ಇರಬಹುದು. ಒಂದೇ ಹೆಸರಿನಡಿ ಹಲವು ಬಗೆಯ ಕ್ಯಾನ್ಸರ್ ಇದೆ. ಒಂದಕ್ಕೆ ವೈರಸ್ ಸಂಬಂಧ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಹಾಗಾಗಿ ಹುಡುಕಾಟ ಮುಂದುವರಿಯಲಿ ಎನ್ನುವವಳು ನಾನು. ಶೇ. 5ರಿಂದ 10 ಪ್ರಕರಣಗಳು ಮಾತ್ರ ಬಿಆರ್‌ಸಿಎಯಂಥ ವಂಶದ ಜೀನ್‌ಗಳಿಂದ ಬರುತ್ತವೆ, ಉಳಿದವರಲ್ಲಿ ಎಷ್ಟೋ ಮಂದಿಗೆ 'ನನಗೇ ಯಾಕೆ' ಎನ್ನುವುದಕ್ಕೆ ಸರಿಯಾದ ಉತ್ತರ ಇಲ್ಲ. ಅದನ್ನು ಕೇಳುವ ಹಕ್ಕು ಅವರಿಗಿದೆ.

ಗೊತ್ತಿರುವುದೂ ಕಡಿಮೆಯೇನಲ್ಲ. ಮುಂಬೈಯ ರಿಜಿಸ್ಟ್ರಿ ಪಕ್ಕದಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಗ್ರಾಮೀಣ ರಿಜಿಸ್ಟ್ರಿಯನ್ನು ಇಟ್ಟು ನೋಡಿ. 1987ರಿಂದ ಹಳ್ಳಿಗಳ ಲೆಕ್ಕ ಇಡುತ್ತಿದೆ. ಬಾರ್ಶಿಯಲ್ಲಿ ಸ್ತನ ಕ್ಯಾನ್ಸರ್ ಮುಂಬೈಗಿಂತ ಬಹಳ ಕಡಿಮೆ. ಅಲ್ಲಿನ ಹೆಂಗಸರ ದೊಡ್ಡ ಶತ್ರು ಬಹಳ ಕಾಲ ಗರ್ಭಕಂಠದ ಕ್ಯಾನ್ಸರ್ ಆಗಿತ್ತು, ಅಂದರೆ ವೈರಸ್‌ನಿಂದ ಬರುವುದೇ. ನಗರಕ್ಕೆ ಬಂದ ಹಾಗೆ ಮೊದಲ ಮಗು ತಡ, ಮಕ್ಕಳು ಕಡಿಮೆ, ಹಾಲು ಕೊಡುವ ತಿಂಗಳುಗಳು ಕಡಿಮೆ, ಓಡಾಟ ಕಡಿಮೆ, ತೂಕ ಜಾಸ್ತಿ. ಸ್ತನ ಕ್ಯಾನ್ಸರ್ ಏರಿದ್ದು ಇದರ ಜೊತೆಗೆ. ಇದರಲ್ಲಿ ಹೆಂಗಸರ ತಪ್ಪು ಏನೂ ಇಲ್ಲ, ಓದು, ಕೆಲಸ, ಲೋಕಲ್‌ನಲ್ಲಿ ದಿನಕ್ಕೆ ಮೂರು ಗಂಟೆ ಪ್ರಯಾಣ, ಇದೆಲ್ಲ ಇರುವಾಗ ಇನ್ನೇನು ಮಾಡಬೇಕಿತ್ತು?

ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಸ್ತನ ಕ್ಯಾನ್ಸರ್ ಬರುವುದಿಲ್ಲ. ನಾಳೆ ಯಾವುದೋ ವೈರಸ್‌ಗೆ ಪಾತ್ರ ಇದೆ ಎಂದು ಸಾಬೀತಾದರೂ ಈ ಮಾತು ಬದಲಾಗುವುದಿಲ್ಲ. ಗರ್ಭಕಂಠದ ಕ್ಯಾನ್ಸರ್ ವೈರಸ್‌ನಿಂದ ಬರುತ್ತದೆ, ಆದರೂ ಆ ರೋಗಿಯ ಜೊತೆ ಕೂತು ಊಟ ಮಾಡಿದವರಿಗೆ ಕ್ಯಾನ್ಸರ್ ಬರುವುದಿಲ್ಲ, ಹಾಗೆಯೇ ಇದೂ. ಬೇರೆ ತಟ್ಟೆ ಇಡುವ ಮನೆಯಲ್ಲಿ ಹೆಂಗಸು ತನ್ನ ಎದೆಯ ಗಂಟನ್ನು ಹೇಳುವುದೇ ಇಲ್ಲ. ಮುಚ್ಚಿಡುತ್ತಾಳೆ. ಭಾರತದಲ್ಲಿ 2022ರಲ್ಲಿ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, 98,000ಕ್ಕೂ ಹೆಚ್ಚು ಮಂದಿ ತೀರಿಕೊಂಡರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಸಾವುಗಳ ಹಿಂದೆ ತಡವಾಗಿ ಬಂದದ್ದೇ ಒಂದು ದೊಡ್ಡ ಕಾರಣ.

ತಡವನ್ನು ಕಡಿಮೆ ಮಾಡುವ ದಾರಿಯನ್ನೂ ಮುಂಬೈಯೇ ತೋರಿಸಿದೆ. ಟಾಟಾ ಸ್ಮಾರಕದ ಡಾ. ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 1998ರಲ್ಲಿ ಈ ನಗರದ ಬಡ ಬಸ್ತಿಗಳ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ಅಧ್ಯಯನ ಶುರು ಮಾಡಿದರು. ಅರ್ಧದಷ್ಟು ಬಸ್ತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಎದೆ ಪರೀಕ್ಷೆ ಮಾಡಿದರು. ಮ್ಯಾಮೊಗ್ರಾಂ ಇಲ್ಲ, ದುಬಾರಿ ಯಂತ್ರ ಇಲ್ಲ. ಇಪ್ಪತ್ತು ವರ್ಷಗಳ ಫಲಿತಾಂಶ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಪರೀಕ್ಷೆ ಮಾಡಿದ ಕಡೆ ಮೂರು, ನಾಲ್ಕನೇ ಹಂತದಲ್ಲಿ ಪತ್ತೆಯಾದವರು ಶೇ. 37, ಮಾಡದ ಕಡೆ ಶೇ. 47. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಐವತ್ತರ ಒಳಗಿನವರಲ್ಲಿ ಸಾವು ಇಳಿದದ್ದು ಕಾಣಲಿಲ್ಲ, ಅದನ್ನೂ ಹೇಳಬೇಕು.

30 ದಾಟಿದ ಹೆಂಗಸರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಹತ್ತಿರದ ಸರ್ಕಾರಿ ಅಥವಾ ಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನೋವಿಲ್ಲದ ಗಂಟು, ಚರ್ಮ ಒಳಗೆ ಎಳೆದುಕೊಂಡದ್ದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದು ಕಂಡರೂ ಹಬ್ಬ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ, ಊರಿಗೆ ಹೋಗಿ ಬಂದ ಮೇಲೆ ನೋಡೋಣ ಅಂತ ಕಾಯಬೇಡಿ. ಮರಾಠಿ, ಹಿಂದಿ ಸರಿಯಾಗಿ ಬಾರದ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ನೀವೇ ಜೊತೆಗೆ ಹೋಗಿ, ಅವರ ಪರವಾಗಿ ಮಾತಾಡಿ.